ಏಳನೇ ಹೊಂಡದ ಬೂಟುಗಳು

ಒಂಬತ್ತು ವರ್ಷದಿಂದ ಕಪ್ಪೆಗಳ ಕಾಲು ಎಣಿಸುತ್ತಿದ್ದವಳಿಗೆ ಬೀದಿಯವರು ಕಪ್ಪೆ ಡಾಕ್ಟ್ರು ಎಂದು ಹೆಸರಿಟ್ಟಿದ್ದರು. ನಗುವವರು ನಗಲಿ ಎಂದು ಅವಳೂ ಬಿಟ್ಟಿದ್ದಳು. ಎಣಿಸುವುದಕ್ಕೆ ಕಾರಣವಿತ್ತು. ಹೊಂಡದ ಬಸವನಹುಳುವಿನೊಳಗೆ ಬೆಳೆಯುವ ಒಂದು ಪರಾವಲಂಬಿ ಹುಳು ಗೊದಮೊಟ್ಟೆಯ ಮೈ ಹೊಕ್ಕರೆ, ಅದು ಕಪ್ಪೆಯಾಗುವಾಗ ಐದು ಕಾಲು ಮೂಡುತ್ತವೆ, ಇಲ್ಲವೇ ಮೂರೇ. ಹೊಲದ ಗೊಬ್ಬರ ಹರಿದು ಬಂದು ನೀರು ಬೆಚ್ಚಗಾದಷ್ಟೂ ಬಸವನಹುಳು ಹೆಚ್ಚುತ್ತದೆ, ಅದರ ಬೆನ್ನಿಗೇ ರೋಗವೂ.

ಕೆಳಗಿನ ಆರು ಹೊಂಡಗಳ ಕತೆ ಅದೇ. ಗುಡ್ಡದ ಮೇಲಿನ ಏಳನೆಯದರಲ್ಲಿ ಮಾತ್ರ ಇಷ್ಟು ವರ್ಷ ಒಂದು ಸೊಟ್ಟ ಕಾಲೂ ಸಿಕ್ಕಿರಲಿಲ್ಲ. ಈ ವರ್ಷ ನೂರಕ್ಕೆ ಹನ್ನೊಂದು ಸಿಕ್ಕಿದವು.

ಕೆಳಗಿನ ಬಿಸಿ ಈಗ ಗುಡ್ಡವನ್ನೂ ಹತ್ತಿದೆ ಎಂದು ಅವಳು ಲೇಖನದಲ್ಲಿ ಬರೆದಳು. ಸಂಶೋಧನೆಯ ಮುಖ್ಯಸ್ಥರಾದ ಮೇಷ್ಟ್ರು ಕುಣಿಯುವುದೊಂದು ಬಾಕಿ. ಶುಕ್ರವಾರ ಲೇಖನ ಹೋಗಬೇಕು. ಅದನ್ನು ತೋರಿಸಿಯೇ ಅವರು ಅವಳ ಕೆಲಸವನ್ನು ಇನ್ನು ಮೂರು ವರ್ಷಕ್ಕೆ ಮುಂದುವರಿಸಿ ಎಂದು ಹಣ ಕೊಡುವವರನ್ನು ಕೇಳಬೇಕು.

ಗುರುವಾರ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬಂದಾಗ, ಅವಳ ಎರಡು ಜೊತೆ ರಬ್ಬರ್ ಬೂಟುಗಳು ಕಾಂಪೌಂಡ್ ಗೋಡೆಯ ಮೇಲೆ ತಲೆಕೆಳಗಾಗಿ ಒಣಗುತ್ತಿದ್ದವು. ಒಂದೇ ಅಳತೆ, ಒಂದೇ ಬಣ್ಣ. ಕೆಳಗಿನ ಹೊಂಡಗಳಿಗೆ ಕೆಂಪು ಟೇಪು ಸುತ್ತಿದ ಜೊತೆ, ಏಳನೆಯದಕ್ಕೆ ನೀಲಿಯದು. ಅಲ್ಲಿನ ಕೆಸರು ಇಲ್ಲಿಗೆ ಬರಬಾರದೆಂದು ಅವಳೇ ಮಾಡಿಕೊಂಡ ಕಟ್ಟಳೆ. ಹೋದ ವರ್ಷ ಕೆಂಪು ಜೊತೆಯ ಒಂದು ತಳ ಸೀಳಿದಾಗ ಪಂಕ್ಚರ್ ಅಂಗಡಿಯಲ್ಲಿ ತೇಪೆ ಹಾಕಿಸಿದ್ದಳು. ಈಗ ನೋಡಿದರೆ ಆ ತೇಪೆ ನೀಲಿ ಟೇಪಿನ ಬೂಟಿನ ತಳದಲ್ಲಿದೆ. ಪಕ್ಕದ ಸೀಳಿನಲ್ಲಿ ಸಾಸಿವೆ ಗಾತ್ರದ ಒಂದು ಬಸವನಹುಳು ಕಚ್ಚಿ ಕೂತಿದೆ.

"ಅತ್ತೆ, ಈ ಟೇಪು ಯಾರು ಸುತ್ತಿದ್ದು?"

"ಇನ್ಯಾರು? ನಾನೇ. ಹಳೇದು ಕಿತ್ತು ಜೋತಾಡ್ತಿತ್ತು, ನೋಡಕ್ಕಾಗ್ತಿರ್ಲಿಲ್ಲ. ತೊಳೆದು ಹೊಸದು ಸುತ್ತಿದೆ. ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ, ನೀನು ಸುತ್ತಿದ್ದ ಹಾಗೇ."

"ಯಾವಾಗ?"

"ಪುಟ್ಟಿಗೆ ಜ್ವರ ಬಂದಿತ್ತಲ್ಲ, ಆವಾಗ."

ಐದು ತಿಂಗಳಿಂದ ಟೇಪು ಅದಲುಬದಲು. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹತ್ತು ಸಲ ಗುಡ್ಡ ಹತ್ತಿದ್ದಳು. ಹತ್ತು ಸಲವೂ ಕೆಳಗಿನ ಹೊಂಡಗಳ ಬೂಟಿನಲ್ಲೇ, ರೋಗವನ್ನು ಕಾಲಿಗೆ ಕಟ್ಟಿಕೊಂಡು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಎನ್ನಿಸಿತು. ಆದರೂ ಮನಸ್ಸು ಸುಮ್ಮನಿರಬೇಕಲ್ಲ: ಬಿಸಿಯೂ ಇರಬಹುದು, ಯಾರಿಗೆ ಗೊತ್ತು? ತೇಪೆ ಕಂಡವಳು ಅವಳೊಬ್ಬಳೇ. ಟೇಪು ಮತ್ತೆ ಬದಲಿಸುವುದು ಎರಡು ನಿಮಿಷದ ಕೆಲಸ. ಅರ್ಧ ಗಂಟೆ ಹೀಗೇ ಕೂತು, ಕೊನೆಗೆ ಮೇಷ್ಟ್ರಿಗೆ ಫೋನ್ ಹಚ್ಚಿದಳು.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. "ಅಲ್ಲಮ್ಮ, ನಿನ್ನ ಬೂಟಿನ ತಳ ಯಾರು ನೋಡಕ್ಕೆ ಬರ್ತಾರೆ?"

"ನಾನು ನೋಡಿದೀನಲ್ಲ ಸರ್."

"ಏಳನೇ ಹೊಂಡ ತೆಗೆದ್ರೆ ಉಳಿಯೋದು ಹಳೇ ಪುರಾಣ. ಅದನ್ನ ಹಿಡ್ಕೊಂಡು ಮೂರು ವರ್ಷ ಕೊಡಿ ಅಂತ ಹೇಗೆ ಕೇಳ್ಲಿ?"

"ಕೇಳಿ ನೋಡಿ ಸರ್. ಕೊಡದಿದ್ರೆ ಇಲ್ಲ. ಸುಳ್ಳು ಹೊಂಡ ಮಾತ್ರ ಬೇಡ."

"ಸರಿ, ತೆಗಿ. ಬೂಟಿನ ವಿಷಯಾನೂ ಇದ್ದದ್ದು ಇದ್ದ ಹಾಗೆ ಬರಿ. ನಿಮ್ಮತ್ತೇನ ಮಾತ್ರ ಸಹಲೇಖಕರು ಅಂತ ಹಾಕ್ಬೇಡ."

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಒದ್ದೆ ಬಟ್ಟೆ.

"ನನ್ನಿಂದ ನಿನ್ನ ಕೆಲಸ ಹೋಯ್ತೇನೇ?"

"ಇನ್ನೂ ಹೋಗಿಲ್ಲ. ತಪ್ಪು ನಂದೂ ಇದೆ ಅತ್ತೆ. ಆ ಟೇಪು ಯಾಕೆ ಅಂತ ನಿಮಗೆ ಒಂದಿನಾನೂ ಹೇಳಿರ್ಲಿಲ್ಲ."

"ಕೆಲಸದ ಮಾತು ಆಮೇಲೆ. ಆ ಕಪ್ಪೆಗಳ ಗತಿ?"

ಅದನ್ನು ಕೇಳಿದವರು ಆ ದಿನ ಅವರೊಬ್ಬರೇ. ಪುಟ್ಟ ಹೊಂಡ, ಬಸವನಹುಳುಗಳು ಇನ್ನೂ ದಡದ ಸುತ್ತಲೇ ಇರಬೇಕು, ಆರಿಸಿ ತೆಗೆದರೆ ಮುಂದಿನ ವರ್ಷಕ್ಕೆ ಕಡಿಮೆಯಾದೀತು ಎಂದಳು.

"ಆರಿಸೋದು ತಾನೆ? ಐವತ್ತು ವರ್ಷ ಕಾಳು ಆರಿಸಿದ ಕಣ್ಣು ಕಣೇ ಇದು."

ಶನಿವಾರ ಇಬ್ಬರೂ ಗುಡ್ಡ ಹತ್ತಿದರು, ಕಾಲಿಗೆ ಅಂಗಡಿಯಿಂದ ಆಗಷ್ಟೇ ತಂದು ನೀಲಿ ಟೇಪು ಸುತ್ತಿದ ಬೂಟು. ಏಳನೇ ಹೊಂಡ ಬಿಟ್ಟ ಲೇಖನ ಹಿಂದಿನ ದಿನವೇ ಹೋಗಿತ್ತು. ಕೆಲಸ ಉಳಿಯಿತೋ ಇಲ್ಲವೋ ತಿಳಿಯಲು ತಿಂಗಳು ಕಾಯಬೇಕು. ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಎಲೆ ಮಗುಚಿ ಮಗುಚಿ ಹುಳು ಹೆಕ್ಕಿ ಡಬ್ಬಿಗೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಸೊಸೆಯದು ನಲವತ್ತು, ಅವರದು ನೂರಾ ಆರು.

ಮನೆಗೆ ಬಂದು ಬೂಟು ಬಿಚ್ಚುವಾಗ ಅತ್ತೆ ಕೇಳಿದರು: "ಇವನ್ನ ತೊಳೀಲೋ, ಹಾಗೇ ಬಿಡ್ಲೋ?"

"ತೊಳೀರಿ ಅತ್ತೆ, ತಳಾನೂ ಉಜ್ಜಿ. ಟೇಪು ಮಾತ್ರ ಮುಟ್ಬೇಡಿ."