ಕೆಂಪಿಗೆ ಬಿಟ್ಟ ದಾರಿ

ಸಂಕ್ರಾಂತಿ ದಿನ ಬೆಳಿಗ್ಗೆ ಶೆಟ್ಟಿಹಳ್ಳಿಯ ನಮ್ಮ ಹಳೇ ಊರಿನ ಬೀದೀಲಿ ದನ ತೊಳೆಯೋ ಸಂಭ್ರಮ. ಸುತ್ತ ಎಷ್ಟೇ ಅಪಾರ್ಟ್‌ಮೆಂಟು ಎದ್ದರೂ ದನ ಬಿಡದ ನಾಲ್ಕಾರು ಮನೆ ನಮ್ಮಲ್ಲಿ ಇನ್ನೂ ಇವೆ. ಪಕ್ಕದ ಮನೆ ಬೈರಣ್ಣನ ಮಗಳು ಮಾಲಾ ತಮ್ಮ ಹಸು ಕೆಂಪಿಯ ಕೊಂಬಿಗೆ ಬಣ್ಣ ಬಳಿದು ಬಲೂನು ಕಟ್ಟುತ್ತಿದ್ದಳು. ಕೆಂಪಿ ತುಂಬು ಗಬ್ಬ.

"ಅಪ್ಪಾ, ಈ ಸಲ ಇವಳನ್ನ ಕಿಚ್ಚು ಹಾಯಿಸೋದು ಬೇಡ" ಅಂದಳು ಮಾಲಾ.

ಕಿಚ್ಚು ಹಾಯಿಸೋದು ಅಂದರೆ, ಸಂಜೆ ಬೀದಿಗೆ ಅಡ್ಡ ಹುಲ್ಲು ಹರಡಿ ಬೆಂಕಿ ಹಾಕಿ, ದನಗಳನ್ನ ಅದರ ಮೇಲೆ ಓಡಿಸೋದು. ಹೊಸ ಬಡಾವಣೆಯವರಿಗೆ ತಿಳಿದಿರಲಿ ಅಂತ ಹೇಳಿದೆ.

ಬೈರಣ್ಣನಿಗೆ ಸಿಟ್ಟು ಬಂತು. "ಏ ಸುಮ್ನಿರು! ಈ ಬೀದೀಲಿ ಮೊದ್ಲು ಕಿಚ್ಚು ಆಯೋದೇ ನಮ್ಮನೆ ದನ. ನಮ್ಮಪ್ಪನ ಕಾಲದಿಂದ ಇಂಗೇ. ಕಿಚ್ಚು ಆಯ್ಸಿದ್ರೆ ಉಣ್ಣೆಹುಳ ಉದುರ್ತವೆ, ಕೊಟ್ಟಿಗೆಗೆ ರೋಗ ಬರಲ್ಲ."

"ಹೋದ ವರ್ಷ ಕೆಚ್ಚಲು ಸುಟ್ಟು ಎಷ್ಟು ದಿನ ಒದೀತು, ಮರೆತುಬಿಟ್ಯಾ?"

"ಅದು ಸೊಕ್ಕು. ದನದ ಚರ್ಮ ಮಂದ, ಅದಕ್ಕೇನು ಗೊತ್ತಾಗ್ತದೆ?"

ಒಳಗೆ ಅವರೆಕಾಯಿ ಬೇಯಿಸುತ್ತಿದ್ದ ಅವನ ಹೆಂಡತಿ ಸೊಣ್ಣಮ್ಮ ಅಲ್ಲಿಂದಲೇ ಕೂಗಿದಳು. "ಮಂದ ಆಗಿರೋದು ದನದ ಚರ್ಮ ಅಲ್ಲ ಬಿಡು!"

ಮಾಲಾ ಸುಮ್ಮನಿರಲಿಲ್ಲ. ಪಶುವೈದ್ಯೆ ಪದ್ಮಶ್ರೀಗೆ ಫೋನು ಮಾಡಿ ಹೋದ ವರ್ಷದ್ದೂ ಸೇರಿಸಿ ಎಲ್ಲ ಹೇಳಿದಳು. ನಮ್ಮ ಬೀದಿಯ ದನಗಳಿಗೆಲ್ಲ ಕಾಲುಬಾಯಿ ಜ್ವರದ ಲಸಿಕೆ ಹಾಕೋದು ಇದೇ ಡಾಕ್ಟ್ರಮ್ಮ. ಹಬ್ಬದ ಸೀರೆಯಲ್ಲೇ ಸ್ಕೂಟರ್ ಏರಿ ಬಂದರು. ಕೆಂಪಿಯನ್ನ ಮುಟ್ಟದೆ ಒಂದು ಗಳಿಗೆ ದೂರ ನಿಂತು ನೋಡಿದರು. ಆಮೇಲೆ ಹೊಟ್ಟೆ, ಕೆಚ್ಚಲು ಸವರಿ ನೋಡಿದರು.

"ಕರು ಚೆನ್ನಾಗಿದೆ ಬೈರಣ್ಣೋರೇ. ಆದ್ರೆ ಬೆಂಕಿ ಹಾರಿಸ್ಬೇಡಿ. ಹೋದ ವರ್ಷ ಅವಳು ಒದ್ದಿದ್ದು ಸೊಕ್ಕಿಗಲ್ಲ, ನೋವಿಗೆ."

"ನೋವಾದ್ರೆ ಕೂಗ್ಬೇಕಾಗಿತ್ತಲ್ಲ ಡಾಕ್ಟ್ರಮ್ಮ? ಕುಂಯ್ ಅನ್ನಲಿಲ್ಲ."

"ದನ ನೋವನ್ನ ನುಂಗ್ಕೊಂಡು ನಿಲ್ಲುತ್ತೆ ಕಣ್ರೀ. ನೋಡೋರು ನಾವು ನೋಡ್ಬೇಕು. ಕಿವಿ ಜೋಲು ಬಿಡುತ್ತೆ, ಹಲ್ಲು ಕಡಿಯುತ್ತೆ, ಮೇವು ಬಿಡುತ್ತೆ, ಬೇರೆ ದನದ ಜೊತೆ ಸೇರಲ್ಲ. ಹಾಲೂ ಇಳಿಯುತ್ತೆ."

ಅಷ್ಟರಲ್ಲಿ ಕೆಂಪಿಯ ಬೆನ್ನ ಮೇಲೆ ಒಂದು ನೊಣ ಕೂತಿತು. ಅಷ್ಟು ಜಾಗದ ಚರ್ಮ ಮಾತ್ರ ಜುಮ್ಮಂತ ನಡುಗಿತು. ನೊಣ ಹಾರಿತು.

"ಕಂಡ್ರಾ?" ಅಂದರು ಡಾಕ್ಟ್ರಮ್ಮ. "ನೊಣ ಕೂತಿದ್ದು ಗೊತ್ತಾಗೋ ಚರ್ಮಕ್ಕೆ ಬೆಂಕಿ ಗೊತ್ತಾಗಲ್ವಾ?"

ಬೈರಣ್ಣ ನೆಲದಿಂದ ಒಂದು ಹುಲ್ಲುಕಡ್ಡಿ ಎತ್ತಿ ಕೆಂಪಿಯ ಪಕ್ಕೆಗೆ ಮೆಲ್ಲಗೆ ತಾಗಿಸಿದ. ಜುಮ್ಮಂತು. ಇನ್ನೊಂದು ಕಡೆ ತಾಗಿಸಿದ. ಅಲ್ಲೂ ಜುಮ್ಮಂತು. ಮೂವತ್ತು ವರ್ಷ ದನ ಸಾಕಿದವನು ಮಗುವಿನ ಹಾಗೆ ನೋಡುತ್ತಾ ಕೂತುಬಿಟ್ಟ.

"ಸರಿ, ಗೊತ್ತಾಗ್ತದೆ. ಒಪ್ಪಿದೆ. ಆದ್ರೆ ಉಣ್ಣೆಗೇನು ಮಾಡ್ಲಿ?"

"ಔಷಧಿ ಇದೆ. ಗಬ್ಬದ ಹಸು ಅಲ್ವಾ, ಯಾವುದು, ಎಷ್ಟು ಅಂತ ನಾನೇ ಹೇಳ್ತೀನಿ. ನನ್ನ ಕೇಳ್ದೆ ಏನೂ ಹಾಕ್ಬೇಡಿ."

"ಬೀದಿಯವ್ರು ನಗಲ್ವಾ? ಸಂಪ್ರದಾಯ ಬಿಡಾಕಾಯ್ತದಾ? ಚನ್ನಕ್ಕ, ನೀನೇ ಹೇಳು" ಅಂತ ನನ್ನ ಕಡೆ ತಿರುಗಿದ.

ನನಗೆ ನೆನಪಿದ್ದದ್ದು ಹೇಳಿದೆ. "ನಮ್ಮ ಮಾವನೋರು ಕಿಚ್ಚು ಹಾಕ್ತಿದ್ದದ್ದು ರಾಗಿ ಕೊಯ್ದ ಹೊಲದಲ್ಲಿ ಕಣಪ್ಪಾ. ಸುತ್ತ ಬಯಲು. ಬೆದರಿದ ದನ ಪಕ್ಕಕ್ಕೆ ತಿರುಗಿ ಹೋಗೋದು, ಯಾರೂ ಏನೂ ಅಂತಿರ್ಲಿಲ್ಲ. ಈಗ ಆ ಕಡೆ ಕಾಂಪೌಂಡು, ಈ ಕಡೆ ಕಾರು. ದನ ಎಲ್ಲಿ ಹೋಗ್ಬೇಕು?"

ಸೊಣ್ಣಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಅಂಗಾದ್ರೆ ಇಂಗ್ ಮಾಡಿ. ಕಿಚ್ಚು ಒಂದು ಕಡೆ ಚಿಕ್ಕದಾಗಿ ಆಕಿ. ಇನ್ನೊಂದು ಕಡೆ ಅಗಲಕ್ಕೆ ದಾರಿ ಬಿಡಿ. ಬೆಂಕಿ ಮೇಲೆ ಆರೋ ಆಸೆ ಇದ್ರೆ ಕೆಂಪಿನೇ ಆರ್ಲಿ!"

ಎದುರುಮನೆ ಶ್ರೀಕಾಂತ್ ನಗುತ್ತಾ ತಮ್ಮ ಕಾರು ತೆಗೆದು ದಾರಿ ಮಾಡಿಕೊಟ್ಟರು.

ಸಂಜೆ ತಮಟೆ ಶುರುವಾಯಿತು. ಬೀದಿ ತುಂಬಾ ಜನ. ಹುಲ್ಲಿಗೆ ಬೆಂಕಿ ಬಿತ್ತು, ಬೇವಿನ ಸೊಪ್ಪಿನ ಹೊಗೆ ಎದ್ದಿತು. ಬೈರಣ್ಣ ಕೆಂಪಿಯನ್ನ ತಂದು ಹಗ್ಗ ಸಡಿಲ ಬಿಟ್ಟ. ಅವನ ಮುಖ ನೋಡಬೇಕಿತ್ತು, ಮಗಳನ್ನ ಪರೀಕ್ಷೆಗೆ ಕಳಿಸಿದವನ ಹಾಗೆ.

ಕೆಂಪಿ ನಿಂತಿತು. ಬೆಂಕಿ ನೋಡಿತು. ಆಮೇಲೆ ದಾರಿ ಬಿಟ್ಟ ಕಡೆ ತಿರುಗಿ, ಬಲೂನು ಅಲ್ಲಾಡಿಸಿಕೊಂಡು, ತವರಿಗೆ ಹೊರಟ ಹಾಗೆ ನಿಧಾನಕ್ಕೆ ನಡೆದುಹೋಯಿತು.

"ಏನ್ ಬೈರಣ್ಣ, ನಿನ್ನ ಹಸುಗೂ ಅಪಾರ್ಟ್‌ಮೆಂಟ್ ಗಾಳಿ ಬೀಸ್ತಾ?" ಅಂತ ಮಹಾಲಿಂಗಪ್ಪ ಕೂಗಿದ. ಅವನ ಜೋಡೆತ್ತು ಕಿಚ್ಚು ಹಾರೋದರಲ್ಲಿ ಹೆಸರುವಾಸಿ.

"ನಿನ್ನವು ಗಂಡೆದೆ ಎತ್ತು ತಾನೇ? ಹಗ್ಗ ಸಡಿಲ ಬಿಡು, ನೋಡಾನ!"

ಮಹಾಲಿಂಗಪ್ಪ ಮೀಸೆ ತಿರುವಿ ಎತ್ತು ತಂದ. ಹಗ್ಗ ಸಡಿಲಿಸಿದ್ದೇ ತಡ, ಎರಡೂ ಒಟ್ಟಿಗೆ ದಾರಿ ಇದ್ದ ಕಡೆ ನುಗ್ಗಿದವು. ಮಹಾಲಿಂಗಪ್ಪ ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡು ಹಿಂದೆ ಹಿಂದೆ ಓಡಿದ. ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ತಮಟೆಯವರೂ ಬಡಿಯೋದು ನಿಲ್ಲಿಸಿ ನಕ್ಕರು. ಉಳಿದ ದನ ಬಂದವು. ಒಂದಾದರೂ ಬೆಂಕಿ ಕಡೆ ಹೆಜ್ಜೆ ಇಡಲಿಲ್ಲ.

ನಗು ಇಳಿದ ಮೇಲೆ ಬೈರಣ್ಣ ಕೆಂಪಿಯ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರುತ್ತಾ ಅಂದ. "ಇಷ್ಟು ವರ್ಷ ಇವು ಬೆಂಕಿ ಮೇಲೆ ಆರ್ತಿದ್ದದ್ದು ಇಷ್ಟಪಟ್ಟಲ್ಲ ಚನ್ನಕ್ಕ. ನಾವು ಬೇರೆ ದಾರಿ ಬಿಟ್ಟಿರ್ಲಿಲ್ಲ, ಅಷ್ಟೇ."

ಸೊಣ್ಣಮ್ಮ ಆರತಿ ಎತ್ತಿದಳು. ಮಾಲಾ ಕಬ್ಬಿನ ತುಂಡು ತಿನ್ನಿಸಿದಳು. ಮಹಾಲಿಂಗಪ್ಪನೂ ಪಂಚೆ ಬಿಗಿಯಾಗಿ ಕಟ್ಟಿಕೊಂಡು ಬಂದು ಎಳ್ಳು ಬೆಲ್ಲ ಇಸ್ಕೊಂಡ.

ದನ ಸಾಕಿರೋ ಅಣ್ಣಂದಿರೇ, ಅಕ್ಕಂದಿರೇ, ಹಬ್ಬ ಜೋರಾಗಿ ಮಾಡಿ. ಕೊಂಬಿಗೆ ಬಣ್ಣ ಬಳಿಯಿರಿ, ತಮಟೆ ಬಡಿಸಿ. ಕಿಚ್ಚು ಮಾತ್ರ ಪಕ್ಕಕ್ಕಿರಲಿ. ನಮಗೆ ನೋಯುವ ಹಾಗೇ ಅವಕ್ಕೂ ನೋಯುತ್ತೆ, ಬಾಯಿ ಬಿಟ್ಟು ಹೇಳಲ್ಲ ಅಷ್ಟೇ. ನಿಮ್ಮ ಹಸು ಒದ್ದರೆ ಕೋಲು ಹುಡುಕಬೇಡಿ. ಮೊದಲು ಎಲ್ಲಿ ನೋಯುತ್ತಿದೆ ಅಂತ ಮೆಲ್ಲಗೆ ಕೈಯಾಡಿಸಿ ನೋಡಿ, ಆಮೇಲೆ ಡಾಕ್ಟರಿಗೆ ಫೋನು ಮಾಡಿ.