ಮನಿ ಬದಲಿ

“ಕುಣಿ ಇನ್ನೊಂದು ಗೇಣು ಅಗಲ ಆಗಬೇಕಂತ, ಪೆಟಗಿ ಹಿಡಿಸಂಗಿಲ್ಲಂತ” ಎಂದು ಸತ್ತ ಸೂಗಪ್ಪನ ಹೆಂಡತಿ ಉಮಾದೇವಿಯಿಂದ ಮಾತು ಬಂದಾಗ ಕುಣಿ ತೋಡುತ್ತಿದ್ದವರು ಗುದ್ದಲಿ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಸರಕಲ್ಲಿನ ಆ ಹೊಲದ ಬದುವಿನಲ್ಲಿ ಎಷ್ಟೋ ಜನರಿಗೆ ಕುಣಿ ತೋಡಿದವರು ಅವರು. ಸತ್ತವರ ಪಕ್ಕದಲ್ಲಿ ಎಲೆಯಡಿಕೆ ಚೀಲ ಇಟ್ಟಿದ್ದನ್ನು ಕಂಡಿದ್ದರು, ಊರುಗೋಲು ಇಟ್ಟಿದ್ದನ್ನು ಕಂಡಿದ್ದರು. ತಗಡಿನ ಪೆಟ್ಟಿಗೆಗೆ ಜಾಗ ಕೇಳಿದ್ದು ಇದೇ ಮೊದಲು. ಆದರೂ ಯಾರೂ ಎದುರು ಮಾತಾಡದೆ ಮತ್ತೆ ತೋಡತೊಡಗಿದರು. ಸೂಗಪ್ಪನ ಕೊನೆಯ ಮಾತು ಏನಾಗಿತ್ತು ಎಂಬುದು ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

ಇತ್ತ ಸೂಗಪ್ಪನ ತಮ್ಮನ ಮನೆಯ ಕಟ್ಟೆಯ ಮೇಲೆ ಹೆಣವನ್ನು ಗೋಡೆಗೊರಗಿಸಿ ಕೂರಿಸಿದ್ದರು. ಬಿಳಿ ಅಂಗಿ, ಬಿಳಿ ಧೋತರ, ಕೊರಳ ತುಂಬ ಚೆಂಡು ಹೂವು. ರಾಯಚೂರಿನಿಂದ ಬಂದ ಬೌದ್ಧ ಉಪಾಸಕರು ತ್ರಿಸರಣ ಹೇಳಿ ಮುಗಿಸಿದ ಮೇಲೆ ಊರಿನ ಭಜನೆಯವರು ತಾಳ ಕೈಗೆತ್ತಿಕೊಂಡರು. ಎರಡೂ ನಡೆಯಲಿ ಎಂದು ಮನೆಯವರೇ ಹೇಳಿದ್ದರು. ಉಮಾದೇವಿ ಗಂಡನ ಪಕ್ಕದಲ್ಲಿ ಕೂತು ಪೆಟ್ಟಿಗೆಯ ಧೂಳು ಒರೆಸುತ್ತಿದ್ದಳು. ಅದರಲ್ಲಿ ಅಂಗೈಯಗಲದ ಚೌಕದ ಪ್ಲಾಸ್ಟಿಕ್ಕಿನ ಡಿಸ್ಕುಗಳು ಒತ್ತೊತ್ತಾಗಿ ನಿಂತಿದ್ದವು, ಒಂದೊಂದರ ಬೆನ್ನಿಗೂ ಊರು, ಹೆಸರು. ಮೂಲೆಯಲ್ಲಿ ಅವನ್ನು ನುಡಿಸುತ್ತಿದ್ದ ಯಂತ್ರ. ಮನೆಯವರ ಬಾಯಲ್ಲಿ ಅದು ಡಬ್ಬಿ. ಡಬ್ಬಿ ಕೆಟ್ಟು ಮಾತು ನಿಲ್ಲಿಸಿ ಒಂದು ವರ್ಷ ಆಗಿತ್ತು.

“ಯವ್ವಾ, ಇವನ್ನ ಇಟ್ಕೋಬೋದಿತ್ತು” ಎಂದಳು ಮಗಳು ವಿಶಾಖಾ. ಮಾನ್ವಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು.

“ನಿಮ್ಮಪ್ಪ ಬಾಯಿ ಬಿಟ್ಟು ಕೇಳಿದ್ದು ಒಂದ ಮಾತು. ಅದನ್ನೂ ನಡಿಸ್ಲಿಲ್ಲಂದ್ರ ನಾ ಎದಕ್ಕ ಇರಬೇಕು?”

ವಿಶಾಖಾ ಸೆರಗಿನ ತುದಿಯಿಂದ ಡಬ್ಬಿಯ ಧೂಳು ಒರೆಸತೊಡಗಿದಳು.

*

ಹೋದ ದೀಪಾವಳಿಯ ಆಸುಪಾಸಿನಲ್ಲಿ ಸೂಗಪ್ಪನಿಗೆ ಲಕ್ವಾ ಹೊಡೆದಿತ್ತು. ಬಲಗೈ ಬಲಗಾಲು ಬಿದ್ದುಹೋದವು, ನಾಲಿಗೆ ಮಡಚಿಕೊಂಡಿತು. ಬಸ್ಸಿನ ಬಾಗಿಲಲ್ಲಿ ನಿಂತು ಊರುಗಳ ಹೆಸರನ್ನು ಕೂಗಿ ಕೂಗಿ ನಿವೃತ್ತನಾದ ಕಂಡಕ್ಟರನ ಬಾಯಲ್ಲಿ ಕೊನೆಗೆ ಉಳಿದದ್ದು ಎರಡೇ ಮಾತು. ಅವೂ ಗಂಟಲಲ್ಲೇ ಅರ್ಧ ಸವೆದು ಹೊರಗೆ ಬರುತ್ತಿದ್ದವು. “ಮನಿ ಬದಲಿ.”

ಉಮಾದೇವಿ ಅದನ್ನು ಮನೆ ಬದಲಿಸು ಎಂಬ ಮಾತೆಂದೇ ತಿಳಿದಳು. ರಾಯಚೂರಿನಲ್ಲಿ ಅವರಿದ್ದ ಮನೆಯನ್ನು ಬಿಸಿಲಲ್ಲಿ ನಿಂತು ಇಟ್ಟಿಗೆಗೆ ನೀರು ಹೊಡೆದು ಕಟ್ಟಿಸಿದವಳು ಅವಳು. ಸೂಗಪ್ಪ ಸದಾ ಬಸ್ಸಿನಲ್ಲಿ. ಈಗ ಕಾಲು ಬಿದ್ದ ಮೇಲೆ ಆ ಮನೆ ಬೇಡವಾಯಿತೇ? ಬೇಡವೇನ್ರೀ ಎಂದು ಕೇಳಿದರೆ ಅವನು ತಲೆಯನ್ನು ಎತ್ತ ಬೇಕಾದರೂ ಆಡಿಸುತ್ತಿದ್ದ. ಒಳಕೋಣೆ ಬಿಟ್ಟು ಪಡಸಾಲೆಯಲ್ಲಿ ಮಲಗಿಸಿದರು, “ಮನಿ ಬದಲಿ.” ಹುಟ್ಟಿದೂರು ನೆನಪಾಗಿರಬೇಕೆಂದು ಮಸರಕಲ್ಲಿಗೆ ತಮ್ಮನ ಮನೆಗೆ ತಂದರು, ಮಂಚಕ್ಕೆ ಒರಗಿದವನೇ “ಮನಿ ಬದಲಿ” ಎಂದ. ತಮ್ಮನ ಹೆಂಡತಿಗೆ ಸಿಟ್ಟು ಬಂತು. ಬಂದ ದಿನವೇ ಮನೆ ಬದಲಿಸು ಅಂದರೆ ಯಾರಿಗೆ ತಾನೇ ಬರುವುದಿಲ್ಲ.

ಒಂದು ದಿನ ಹುಲಿಗೇಶ ನೋಡಲು ಬಂದ. ಸೂಗಪ್ಪ ಕಂಡಕ್ಟರಾಗಿದ್ದ ಬಸ್ಸಿಗೆ ಕೊನೆಯವರೆಗೂ ಡ್ರೈವರಾಗಿದ್ದವನು, ದೇವದುರ್ಗದವನು. ಸೂಗಪ್ಪ ಎಡಗೈಯಿಂದ ಅವನ ಅಂಗಿ ಹಿಡಿದು ಅದೇ ಮಾತು ಹೇಳಿದ. ಹುಲಿಗೇಶ ಹಣೆ ಸವರಿ, “ಹುಡುಕಾಕತ್ತೀನಿ ಬಿಡೋ, ಹೈದರಾಬಾದಿನ್ಯಾಗ ಹೇಳಿ ಇಟ್ಟೀನಿ, ಸಿಗತದ” ಎಂದ. ಆ ಹೊತ್ತು ಸೂಗಪ್ಪ ಮಗುವಿನಂತೆ ನಿದ್ದೆ ಮಾಡಿದ. ಹೈದರಾಬಾದಿನಲ್ಲಿ ಮನೆ ಹುಡುಕಿಸುತ್ತಿದ್ದಾರೆಂದು ತಿಳಿದು ಉಮಾದೇವಿ ಹಿತ್ತಲಿಗೆ ಹೋಗಿ ಅತ್ತಳು.

ಗಂಟು ಬಿಡಿಸಿದವನು ಭಜನೆಯ ಮುದುಕ ಉರುಕುಂದಪ್ಪ. ಒಂದು ಸಂಜೆ ರೋಗಿಯ ತಲೆದೆಸೆಯಲ್ಲಿ ಬಹಳ ಹೊತ್ತು ಕೂತು ಎದ್ದವನು ಹೊರಗೆ ಬಂದು ದನಿ ತಗ್ಗಿಸಿದ. “ಇದು ಕಲ್ಲು ಮಣ್ಣಿನ ಮನಿ ಸುದ್ದಿ ಅಲ್ಲವ್ವಾ. ಈ ದೇಹ ಅನ್ನೋ ಮನಿ ಬದಲಿ ಮಾಡತೀನಿ ಅಂತ ಹೇಳಾಕತ್ಯಾನ. ಇಂಥಾ ಜ್ಞಾನ ಎಲ್ಲಾರಿಗೂ ಬರಂಗಿಲ್ಲ.” ಅಂದಿನಿಂದ ಜನ ಸೂಗಪ್ಪನ ಕಾಲು ಮುಟ್ಟಿ ಹೋಗತೊಡಗಿದರು. ಟಿಕೆಟ್ ಹರಿಯುತ್ತಿದ್ದವನ ಬಾಯಲ್ಲಿ ತತ್ವ! ಉಮಾದೇವಿಗೂ ಸಮಾಧಾನವಾಯಿತು, ಜೊತೆಗೆ ಹೊಣೆಯೂ ಬಂತು. ಮನೆ ಬದಲಿಸುವವರು ಸಾಮಾನು ಬಿಟ್ಟು ಹೋಗುತ್ತಾರೆಯೇ? ಅವನಿಗೆ ಸ್ವಂತದ್ದೆಂದು ಇದ್ದ ಸಾಮಾನು ಆ ಪೆಟ್ಟಿಗೆಯೊಂದೇ.

*

ಹೆಣ ಎತ್ತುವ ಮುಂಚೆ ಅರಕೇರಾದಿಂದ ಬಸವಂತಮ್ಮ ಬಂದಳು. ನಡುವಯಸ್ಸು ದಾಟಿದ, ಬೆಂಗಳೂರಿನಲ್ಲಿ ಸಿಮೆಂಟು ಹೊತ್ತು ಕೈ ಒರಟಾದ ಹೆಂಗಸು. ಸೂಗಪ್ಪನ ಪಾದಕ್ಕೆ ಹಣೆ ಹಚ್ಚಿ ಅತ್ತವಳು ಪೆಟ್ಟಿಗೆ ಕಂಡು ಅಳು ನಿಲ್ಲಿಸಿದಳು. ಅದು ಮಣ್ಣಿಗೆ ಹೋಗುತ್ತದೆ ಎಂದು ಪಕ್ಕದವರು ಹೇಳಿದಾಗ ಮಾತು ತಿಳಿಯದವಳಂತೆ ಮತ್ತೊಮ್ಮೆ ಕೇಳಿದಳು.

“ನಮ್ಮವ್ವ ಇದರಾಗ ಅದಾಳ್ರೀ ಅಕ್ಕಾ” ಎಂದಳು ಉಮಾದೇವಿಗೆ. “ಆಕೀದು ಒಂದು ಫೋಟೊ ಸೈತ ಇಲ್ಲ ನಮ್ಮ ಹತ್ತೇಕ.”

ಯಂತ್ರ ಸತ್ತಿದೆ, ಇನ್ನು ಅದರಿಂದ ಯಾರ ದನಿಯೂ ಬರುವುದಿಲ್ಲ ಎಂದು ಉಮಾದೇವಿ ಮೆಲ್ಲಗೆ ತಿಳಿಸಿ ಹೇಳಿದಳು. ಕೊನೆಯ ಮಾತು ಮೀರಲಾರೆ ಎಂದಳು. ಬಸವಂತಮ್ಮ ಜಗಳ ಆಡಲಿಲ್ಲ. ಪೆಟ್ಟಿಗೆಯ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ಕೂತು, ಎದ್ದು ಹೆಂಗಸರ ಹಿಂದೆ ಹೋಗಿ ನಿಂತಳು.

*

ಸೂಗಪ್ಪ, ಹುಲಿಗೇಶರ ಬಸ್ಸು ಆಗೆಲ್ಲ ಅರಕೇರಾದಿಂದ ಹೊರಟು ದೇವದುರ್ಗ, ಮಾನ್ವಿ ಮೇಲೆ ಬೆಂಗಳೂರಿಗೆ ಹೋಗುತ್ತಿತ್ತು. ಅದರ ತುಂಬ ಗುಳೆ ಹೋಗುವ ಜನ. ಮಳೆಗಾಲ ಮುಗಿಯಿತೆಂದರೆ ಇಡೀ ಓಣಿಗಳೇ ಹತ್ತಿ ಕೂತು, ಬೆಂಗಳೂರಿನಲ್ಲಿ ಏಳುತ್ತಿದ್ದ ಕಟ್ಟಡಗಳ ಬುಡದಲ್ಲಿ ಇಳಿಯುತ್ತಿದ್ದವು. ಊರಲ್ಲಿ ಉಳಿದ ಮುದುಕರು ಬಸ್ಸಿನ ಕಿಟಕಿ ಹಿಡಿದು ಸೂಗಪ್ಪನಿಗೆ ಸುದ್ದಿ ಒಪ್ಪಿಸುತ್ತಿದ್ದರು. ಕೈಗೆ ಫೋನು ಬಾರದ ಕಾಲ. ಸೂಗಪ್ಪ ಎಲ್ಲ ನೆನಪಿಟ್ಟು ಹೇಳಲು ಹೋಗಿ ಒಮ್ಮೆ ಚೀಕಲಪರ್ವಿಯವನ ಎಮ್ಮೆ ಈದದ್ದನ್ನು ಮಾನ್ವಿಯವನಿಗೆ ಹೇಳಿದ. ಎಮ್ಮೆಯೇ ಇಲ್ಲದ ಆ ಮನುಷ್ಯ ಅದು ಯಾರದೋ ಎಂದು ದಿನವೆಲ್ಲ ತಲೆ ಕೆಡಿಸಿಕೊಂಡನಂತೆ.

ಅದೇ ವರ್ಷ ಮಾನ್ವಿಯ ಉಮ್ಮೇ ಕುಲ್ಸುಮ್ ಎಂಬಾಕೆಯ ಗಂಡ ಸೌದಿಯಿಂದ ಒಂದು ಪುಟ್ಟ ಯಂತ್ರ ತಂದಿದ್ದ. ಕ್ಯಾಸೆಟ್ಟು ಹಾಕಲು ಬರದ ಈ ಸಾಮಾನು ಮನೆಗೆ ಎದಕ್ಕೆ ಎಂದು ಆಕೆ ಅದನ್ನು ಸೂಗಪ್ಪನಿಗೆ ಕೊಡಿಸಿದಳು. ಪುಟ್ಟ ಮೈಕು ಸಿಗಿಸಿದರೆ ಎದುರಿನವರ ಮಾತು ಡಿಸ್ಕಿನೊಳಗೆ ಇಳಿಯುತ್ತಿತ್ತು. ಅಂದಿನಿಂದ ಅರಕೇರಾದ ತಾಯಂದಿರು ಮೈಕಿನ ಮುಂದೆ ಬಾಗಿ ಮಾತಾಡಿದರು. ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಭಾನುವಾರ ಮಕ್ಕಳು ಸಾಲು ಹಚ್ಚಿ ನಿಂತು, ಕಿವಿಗೆ ವಯರು ಸಿಗಿಸಿಕೊಂಡು, ಬಸ್ಸಿಗೆ ಮುಖ ತಿರುವಿ ಅತ್ತರು. ಸಿಮೆಂಟು ಹೊರುವ ಗಟ್ಟಿ ಆಳುಗಳು. ಅವರ ಮಾತು ಅದೇ ಬಸ್ಸಿನಲ್ಲಿ ವಾಪಸು ಬರುತ್ತಿತ್ತು.

ಕೆಲ ವರ್ಷಗಳಲ್ಲಿ ಎಲ್ಲರ ಕೈಗೂ ಫೋನು ಬಂದು ಈ ಕೆಲಸ ನಿಂತಿತು. ಹಳೆಯದನ್ನು ಅಳಿಸಿ ಡಿಸ್ಕನ್ನು ಹಾಡಿಗೆ ಬಳಸಬಹುದಿತ್ತು. ಸೂಗಪ್ಪ ಒಂದನ್ನೂ ಅಳಿಸಲಿಲ್ಲ. ಆ ಮುದುಕರು ಒಬ್ಬೊಬ್ಬರಾಗಿ ತೀರಿಕೊಂಡಂತೆ ಮಕ್ಕಳು ರಾಯಚೂರಿನ ಮನೆ ಹುಡುಕಿ ಬರತೊಡಗಿದರು. ಅವನು ಯಂತ್ರ ಕೊಟ್ಟು ತಾನು ಹೊರಗೆ ಹೋಗಿ ಗೇಟಿನ ಬಳಿ ನಿಲ್ಲುತ್ತಿದ್ದ. ಬಂದವರಿಗೆ ಉಮಾದೇವಿ ಚಹಾ ಮಾಡುತ್ತಿದ್ದಳು. ಇದೊಂದು ದೊಡ್ಡ ಸಂಗತಿ ಎಂದು ಅವರಿಬ್ಬರಿಗೂ ಅನಿಸಿರಲಿಲ್ಲ.

*

ಕುಣಿಯ ಬಳಿ ಭಜನೆ ಏರುದನಿಗೆ ಹೋಗಿತ್ತು. ಸೂಗಪ್ಪನನ್ನು ಇಳಿಸಿದರು. ತಮ್ಮ ಪೆಟ್ಟಿಗೆ ಎತ್ತಿ ಅಂಚಿಗೆ ತಂದ. ಅಷ್ಟರಲ್ಲಿ ಹೊಲದ ದಾರಿಯಲ್ಲಿ ಹುಲಿಗೇಶ ಏದುಸಿರು ಬಿಡುತ್ತ ಬಂದ. ಹೈದರಾಬಾದಿನಿಂದ ಬರುವಾಗ ದಾರಿಯಲ್ಲೇ ಅವನಿಗೆ ಸುದ್ದಿ ತಿಳಿದಿತ್ತು. ಕಂಕುಳಲ್ಲಿ ಕೈಚೀಲ. ಗೆಳೆಯನ ಮುಖ ನೋಡಿ ಎರಡು ಮುಷ್ಟಿ ಮಣ್ಣು ಹಾಕಲು ಬಾಗಿದವನು ಪೆಟ್ಟಿಗೆ ಕಂಡು ನೆಟ್ಟಗಾದ.

“ಇದನ್ಯಾಕ ತಂದ್ರಿ ಇಲ್ಲಿ?”

“ಅವರ ಜೋಡಿ ಹೋಗಬೇಕಣ್ಣಾ. ಮನಿ ಬದಲಿ, ಮನಿ ಬದಲಿ ಅಂತ ಜೀವಾ ಬಿಟ್ರು” ಎಂದಳು ಉಮಾದೇವಿ.

ಹುಲಿಗೇಶ ಅವಳನ್ನೇ ನೋಡಿದ. ಚೀಲದೊಳಗೆ ಕೈ ಹಾಕಿ ಬಟ್ಟೆಯಲ್ಲಿ ಸುತ್ತಿದ್ದೊಂದನ್ನು ಹೊರಗೆ ತೆಗೆದ. ಬಟ್ಟೆ ಬಿಚ್ಚಿದರೆ, ಸತ್ತ ಡಬ್ಬಿಯಂಥದೇ ಇನ್ನೊಂದು ಡಬ್ಬಿ.

“ಮನಿ ಅಲ್ಲಕ್ಕಾ” ಎಂದ. “ಮಿನಿ. ಇದರ ಮ್ಯಾಲ ಮಿನಿಡಿಸ್ಕ್ ಅಂತ ಬರದದಲ್ಲ, ಬಸ್ಸಿನ್ಯಾಗ ನಾವಿಬ್ರೂ ಇದಕ್ಕ ಮಿನಿ ಅಂತಿದ್ವಿ. ಮಿನಿ ಬದಲಿ ಮಾಡು ಅಂತ ಅಂವ ನನಗ ಹೇಳ್ತಿದ್ದ.”

ಭಜನೆ ತಾನಾಗಿ ನಿಂತಿತು. ವಿಶಾಖಾ ಕಣ್ಣು ಮುಚ್ಚಿಕೊಂಡಳು. ಒಂದು ಗುಡಿಸು. ದಿನವೂ ಮಕ್ಕಳ ಬರಹದಲ್ಲಿ ಕೆಂಪು ಶಾಯಿಯಿಂದ ತಿದ್ದುವ ಒಂದೇ ಒಂದು ಗುಡಿಸು. ಅದು ಅಪ್ಪನ ನಾಲಿಗೆಯಿಂದ ಜಾರಿದ್ದಕ್ಕೆ ಅವನನ್ನು ಊರಿಂದೂರಿಗೆ ಹೊತ್ತು ತಿರುಗಿದ್ದರು. ಉರುಕುಂದಪ್ಪ ತಾಳ ಕೆಳಗಿಟ್ಟು ಬೇರೆ ಕಡೆ ನೋಡಿದ.

*

ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರದ ಅಂಗಡಿಗೆ ಸೂಗಪ್ಪ, ಹುಲಿಗೇಶ ಇಬ್ಬರೂ ಹೋದದ್ದು ಯಂತ್ರ ತೊದಲಲು ಶುರುಮಾಡಿದ ಮೇಲೆ. ಅಂಗಡಿಯವನು ಹೊಸದೊಂದನ್ನು ಮುಂದಿಟ್ಟ. ಬೆರಳುದ್ದದ್ದು, ಉಗುರಿನಷ್ಟು ಕಾರ್ಡು, ಅದರಲ್ಲಿ ಒಂದು ಊರಿನ ಮಾತೆಲ್ಲ ಹಿಡಿಯುತ್ತದೆ ಎಂದ. ಸೂಗಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿದ, ಗುಂಡಿ ಒತ್ತಿ ನೋಡಿದ, ಚಲೋ ಅದ ಎಂದು ಮನಸಾರೆ ಹೊಗಳಿದ. ಆಮೇಲೆ ಜೇಬಿನಿಂದ ಒಂದು ಡಿಸ್ಕು ತೆಗೆದು, “ಇದರಾಗಿನ ಮುದುಕಿ ಇಲ್ಲಿ ಮಾತಾಡತಾಳೇನ್ರೀ?” ಎಂದು ಕೇಳಿದ.

ಆಗುವುದಿಲ್ಲ ಎಂದ ಅಂಗಡಿಯವನು. ಇಂಥ ಡಿಸ್ಕಿನ ಯಂತ್ರ ಮಾಡುವುದನ್ನೇ ನಿಲ್ಲಿಸಿದ್ದಾರೆ, ಹಳೆಯದು ಸಿಕ್ಕರೂ ನಾಳೆ ಅದೂ ಕೆಡುತ್ತದೆ, ಹೊಸದಕ್ಕೆ ಹೊಂದಿಕೊಳ್ಳಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

“ಹೊಸಾದು ಇನ್ನ ಮುಂದಿನವರ ಮಾತು ಹಿಡಿತದ” ಎಂದ ಸೂಗಪ್ಪ. “ಇವರು ಮತ್ತ ಬಂದು ಮಾತಾಡಂಗಿಲ್ಲಲ್ರೀ.” ಮೆಟ್ಟಿಲು ಇಳಿಯುತ್ತ ಹುಲಿಗೇಶನಿಗೆ, ಇಂಥದೇ ಆಗಬೇಕು, ಹಳೆಯದಾದರೂ ಸರಿ, ಮೈಯೆಲ್ಲ ಗೀಚಿದ್ದರೂ ಸರಿ ಎಂದಿದ್ದ.

*

ಉಮಾದೇವಿ ಮೈದುನನ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ನಕ್ಕಳೋ ಅತ್ತಳೋ ಯಾರಿಗೂ ತಿಳಿಯಲಿಲ್ಲ. ಅವನಿಗೆ ಮನೆ ಬೇಡವಾಗಿರಲಿಲ್ಲ. ಕುಣಿಯತ್ತ ಬಾಗಿ, ಗಂಡನಿಗೆ ಮಾತ್ರ ಕೇಳುವಂತೆ, “ಮಿನಿ ಬಂತ್ರೀ” ಎಂದಳು. ಆಮೇಲೆ ತಿರುಗಿ, “ಬಸವಂತಮ್ಮ ಎಲ್ಲಿ?” ಎಂದಳು.

ಬಸವಂತಮ್ಮ ಹಿಂದಿನಿಂದ ಮುಂದೆ ಬಂದು ಕುಣಿಯ ಪಕ್ಕ ಕೂತಳು. ವಿಶಾಖಾ ಡಿಸ್ಕುಗಳ ಬೆನ್ನ ಮೇಲಿನ ಹೆಸರುಗಳನ್ನು ಓದುತ್ತ ಹೋಗಿ ‘ಅರಕೇರಾ, ಅಮರಮ್ಮ’ ಎಂದಿದ್ದ ಡಿಸ್ಕನ್ನು ತೆಗೆದಳು. ಹುಲಿಗೇಶ ಅದನ್ನು ಯಂತ್ರದೊಳಗೆ ಇಳಿಸಿ, ಬಸವಂತಮ್ಮನ ಕಿವಿಗೆ ವಯರು ಸಿಗಿಸಿ ಗುಂಡಿ ಒತ್ತಿದ. ಒಳಗೆ ಡಿಸ್ಕು ಸಣ್ಣಗೆ ತಿರುಗಿದ ಸದ್ದು ಬಂತು. ಬಸವಂತಮ್ಮ ಎರಡೂ ಕೈಯಿಂದ ಕಿವಿ ಒತ್ತಿ ಹಿಡಿದಳು. ಅವಳ ಮುಖ ಸಣ್ಣ ಹುಡುಗಿಯದಾಯಿತು.

“ಹೂಂ ಬೇ” ಎಂದಳು. ಸುಮ್ಮನಾದಳು. “ಆರಾಮದೀನಿ.” ಮತ್ತೆ ಸುಮ್ಮನೆ. ಬಹಳ ಹೊತ್ತು ಕೇಳಿಸಿಕೊಂಡು, “ಮೊಮ್ಮಗಳಾ? ಅಕೀದು ಮದಿವಿ ಆತು ಬೇ. ಈಗ ಅಕೀಗೇ ಕೂಸು ಅದ.”

“ಉತ್ತರ ಹೆಂಗ ಕೊಡಾಕತ್ಯಾಳ್ರೀ ಮಾವಾ?” ಎಂದು ವಿಶಾಖಾ ಪಿಸುಗುಟ್ಟಿದಳು.

“ಮುದುಕ್ಯಾರು ಒಂದು ಮಾತು ಕೇಳಿ, ಅಲ್ಲೇ ಮಗಳು ನಿಂತಾಳ ಅನ್ನೋಹಂಗ ಸುಮ್ನ ಕುಂತಬಿಡತಿದ್ರು” ಎಂದ ಹುಲಿಗೇಶ. “ನಾ ಅಂತಿದ್ದೆ, ಬಂದ್ ಮಾಡೋ, ಡಿಸ್ಕು ಸುಮ್ನ ಹಾಳಾಗತದ ಅಂತ. ಅಂವ ಬಂದ್ ಮಾಡ್ತಿದ್ದಿಲ್ಲ. ಅಕಿ ಕೇಳ್ಯಾಳ, ಮಗಳು ಹೇಳಬೇಕೋ ಬ್ಯಾಡೋ ಅಂತಿದ್ದ.”

ವಿಶಾಖಾ ಪೆಟ್ಟಿಗೆಯತ್ತ ತಿರುಗಿದಳು. ಪೆಟ್ಟಿಗೆಯಲ್ಲಿ ಒತ್ತಾಗಿ ನಿಂತಿದ್ದ ಅಷ್ಟೂ ಡಿಸ್ಕುಗಳಲ್ಲಿ ಅಪ್ಪ ಬರೀ ಮಾತು ತುಂಬಿರಲಿಲ್ಲ, ಉತ್ತರಕ್ಕೆ ಜಾಗ ಬಿಟ್ಟುಕೊಂಡು ಬಂದಿದ್ದ. ಸತ್ತವರು ಇನ್ನೂ ಕೇಳುತ್ತಲೇ ಇದ್ದರು, ಕೇಳಿ ಕಾಯುತ್ತಲೇ ಇದ್ದರು. ಅವಳು ಕುಣಿಯಲ್ಲಿ ಕೂತ ಆ ಮನುಷ್ಯನನ್ನು ಹೊಸದಾಗಿ ನೋಡಿದಳು.

“ಇಲ್ಲ ಬೇ” ಎಂದಳು ಬಸವಂತಮ್ಮ, ಕಣ್ಣು ಮುಚ್ಚಿಕೊಂಡೇ. “ಇನ್ನಾ ಉಂಡಿಲ್ಲ. ಸೂಗಪ್ಪಣ್ಣನ ಮಣ್ಣು ಆಗಬೇಕು.”

ಗುದ್ದಲಿ ಹಿಡಿದವರು ಮಣ್ಣು ಎಳೆಯಲಿಲ್ಲ. ಅರಕೇರಾದ ಮುದುಕಿ ಇನ್ನೇನು ಕೇಳುತ್ತಾಳೋ ಎಂದು ಎಲ್ಲರೂ ಬಸವಂತಮ್ಮನ ತುಟಿಯನ್ನೇ ನೋಡುತ್ತ ನಿಂತರು.