ಮೂರುಗಳ ಸಾಲಿನ ಎಂಟನೆಯದು

ಸುಂಟಿಕೊಪ್ಪದ ಹೈಸ್ಕೂಲಿನಲ್ಲಿ ಗಣಿತ ಹೇಳುವ ಚಿದಾನಂದ ಮೇಷ್ಟರಿಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ವರ್ಷಕ್ಕೊಂದು ದಿನ ಅವರ ಮುಖ ಅರಳುತ್ತಿತ್ತು. ಅಂದು ಬೋರ್ಡಿನ ಮೇಲೆ 31, 331, 3331 ಎಂದು ಬರೆಯುತ್ತಾ ಹೋಗುವರು. ಎಲ್ಲವೂ ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಮುಂದೆ ಎಷ್ಟು ಮೂರು ಸೇರಿಸಿದರೂ ಅಷ್ಟೇ ಎಂದು ಇಪ್ಪತ್ತೆರಡು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಮೊದಲ ಏಳನ್ನು ಅವಿಭಾಜ್ಯಗಳ ಪಟ್ಟಿಯಲ್ಲಿ ನೋಡಿ ಖಚಿತ ಮಾಡಿಕೊಂಡದ್ದೇನೋ ನಿಜ. ಎಂಟನೆಯದನ್ನು ನೋಡಿರಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು!

ಈ ಸಲ ಮಡಿಕೇರಿಯ ಗಣಿತ ಶಿಬಿರಕ್ಕೆ ಶಾಲೆಯಿಂದ ಒಬ್ಬರಿಗೆ ಮಾತ್ರ ಅವಕಾಶ. ಆಯ್ಕೆ ಪರೀಕ್ಷೆಗೆ ಪ್ರಶ್ನೆ ತೆಗೆದವರೂ ಮೇಷ್ಟರೇ, ತಿದ್ದಿದವರೂ ಮೇಷ್ಟರೇ. ಹತ್ತನೆಯ ತರಗತಿಯ ಇಬ್ಬರು ಕೊನೆಯ ಪ್ರಶ್ನೆಯವರೆಗೂ ಸಮಸಮ ಬಂದಿದ್ದರು: ಅವರದೇ ಮಗ ಅಕ್ಷಿತ್ ಮತ್ತು ಎಸ್ಟೇಟ್ ಲೈನಿನ, ಅಂದರೆ ತೋಟದ ಕೂಲಿಗಳ ಸಾಲುಮನೆಯ, ಶೋಭಿತಾ. ಕೊನೆಯದು, 333333331 ಅವಿಭಾಜ್ಯವೇ ಎಂಬುದು. ಅಕ್ಷಿತ್ ಹೌದೆಂದು ಬರೆದಿದ್ದ. ಶೋಭಿತಾ ಅಲ್ಲವೆಂದು ಬರೆದಿದ್ದಳು. ಮೇಷ್ಟರು ಎರಡನೇ ಸಲ ನೋಡದೆ ಅವಳ ಉತ್ತರಕ್ಕೆ ಕೆಂಪು ಗೀಟೆಳೆದರು. ಮಡಿಕೇರಿಯ ಚಳಿಗೆಂದು ಮೇಷ್ಟರ ಹೆಂಡತಿ ಯಮುನ ಮಗನಿಗೆ ಹೊಸ ಸ್ವೆಟರ್ ತಂದದ್ದೂ ಆಯಿತು.

ಹೆಸರು ಕಳಿಸಬೇಕಾದ ದಿನ ಮಧ್ಯಾಹ್ನ ಶೋಭಿತಾ ಒಂದು ಹಾಳೆ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಹದಿನೇಳರಿಂದ ಭಾಗ ಹೋಗುತ್ತದೆ ಎಂದಳು. ಮೇಷ್ಟರು ರೇಗಿದರು. ಏಳು ಸಲ ತಪ್ಪದ್ದು ಎಂಟನೇ ಸಲ ತಪ್ಪುತ್ತದೆಯೇ, ಹೋಗು, ಕೂತು ಓದಿಕೋ ಎಂದು ಬೈದರು.

ಹುಡುಗಿ ಹೋಗಲಿಲ್ಲ. ನೆಲ ನೋಡುತ್ತಲೇ ಹೇಳಿದಳು:

"ಸರ್, ನಮ್ಮ ಲೈನ್ ಹಿಂದಿನ ದಾರೀಲಿ ಏಳು ವರ್ಷ ಆನೆ ಬಂದಿರ್ಲಿಲ್ಲ. ಇನ್ನು ಬರಲ್ಲ ಅಂತ್ಲೇ ಅಪ್ಪ ಆ ದಾರೀಲಿ ಹೋದದ್ದು."

ಅವಳಪ್ಪ ಕರಿಯನ ಮಣ್ಣಿಗೆ ಮೇಷ್ಟರೂ ಹೋಗಿ ಬಂದಿದ್ದರು. ಹಾಳೆ ಇಟ್ಟು ಹೋಗೆಂದು ಕೈಸನ್ನೆ ಮಾಡಿದರು.

ಅವಳು ಹೋದ ಮೇಲೆ ತಾವೇ ಭಾಗಿಸಿದರು. 19607843. ಶೇಷ ಸೊನ್ನೆ. ಮತ್ತೆ ಹದಿನೇಳರಿಂದ ಗುಣಿಸಿ ನೋಡಿದರು. ಅದೇ ಮೂರುಗಳು, ಅದೇ ಒಂದು. ಅಯ್ಯೋ, ಇಷ್ಟು ವರ್ಷ ಎಷ್ಟು ಮಕ್ಕಳ ಮುಂದೆ ಎದೆಯುಬ್ಬಿಸಿ ಹೇಳಿದೆನಲ್ಲ ಎಂದು ನಾಚಿಕೆಯಾಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಹಾಳೆ ಹರಿದು ಹಾಕಿದರೆ ಕೇಳುವವರು ಯಾರು? ಆ ಹುಡುಗಿಯ ಪರ ಮಾತಾಡಲು ಕಾಫಿ ಕೊಯ್ಯುವ ತಾಯಿ ಬೆಳ್ಳಮ್ಮ ಇಲ್ಲಿಗೆ ಬರುತ್ತಾಳೆಯೇ? ಹಾಗೆ ಯೋಚಿಸಿದ್ದಕ್ಕೆ ತಮ್ಮ ಮೇಲೇ ಹೇಸಿಗೆಯಾಯಿತು.

ಹೆಸರು ಕಳಿಸುವ ಗಡುವಾದ ನಾಲ್ಕು ಗಂಟೆಗೆ ಹತ್ತು ನಿಮಿಷವಿತ್ತು. ಅಕ್ಷಿತನ ಹೆಸರು ಹೊಡೆದುಹಾಕಿ ಶೋಭಿತಾ ಎಂದು ಬರೆದರು. ಸಹಿ ಹಾಕಿ ಕಳಿಸಿಕೊಟ್ಟು, ಮಗನನ್ನು ಕರೆಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವನು ಅಳಲಿಲ್ಲ, ಜಗಳವಾಡಲಿಲ್ಲ. ಶೋಭಿತಾಳ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದ.

"ನಂಗೂ ಭಾಗಿಸೋಕೆ ಬರ್ತಿತ್ತು ಅಪ್ಪ. ನೀವು ಹೇಳಿದ್ದೀರಲ್ಲ ಅಂತ ನೋಡ್ಲೇ ಇಲ್ಲ."